ಹಳೆ ಸೀರೆಗಳ ಡೋಲಿ

ಭಾಗ್ಯನಗರದಲ್ಲಿ ನನ್ನ ಗಂಡನದು ಫೈಬರ್ ಬಾಗಿಲು, ನೀರಿನ ತೊಟ್ಟಿ ಮಾಡುವ ಶೆಡ್ಡು. ಮಧ್ಯಾಹ್ನ ಬುತ್ತಿ ಒಯ್ದರೆ ಅಲ್ಲಿನ ರೆಸಿನ್ ಅಂಟಿನ ವಾಸನೆಗೆ ತಲೆ ತೇಲಿದಂತಾಗುತ್ತದೆ. ತಗಡಿನ ತೂತುಗಳಿಂದ ಇಳಿದ ಬಿಸಿಲಿನಲ್ಲಿ ದೂಳು ಕೂಡ ಕೆಳಗೆ ಬೀಳಲು ಮರೆತಿರುತ್ತದೆ. ನಾನು ಜಗಳಗಂಟಿಯೇ ಸರಿ, ಆದರೆ ಅಲ್ಲಿ ಕೂತರೆ ನನಗೂ ಮಾತು ಬೇಡವಾಗುತ್ತದೆ.

ಅತ್ತೆಗೆ ಒಂದೇ ಆಸೆಯಿತ್ತು, ಅಂಜನಾದ್ರಿ ಹತ್ತಬೇಕು. ಹರೆಯದಲ್ಲಿ ಅವರು ಬೆಟ್ಟದ ಬುಡದ ಹನುಮನಹಳ್ಳಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದವರು. ಸೊಂಟ ಹಿಡಿದಾಗಲೆಲ್ಲ ಆ ಬೆಟ್ಟ ನೋಡುತ್ತಿದ್ದರಂತೆ. ಆಗ ಪುರುಸೊತ್ತಿರಲಿಲ್ಲ, ಈಗ ಮೊಣಕಾಲು ಕೇಳುವುದಿಲ್ಲ.

"ಮ್ಯಾಲಿಂದ ನಾವು ಹೆಂಗ ಕಾಣ್ತಿದ್ವಿ ಅಂತ ಒಮ್ಮಿ ನೋಡ್ಬೇಕವ್ವಾ," ಅನ್ನುತ್ತಿದ್ದರು.

ಕಟ್ಟಿಗೆಯ ಕುರ್ಚಿಯಲ್ಲಿ ಕೂರಿಸಿ ಹೊತ್ತರೆ ಕುರ್ಚಿಯೇ ಭಾರ. ನಮ್ಮವರು ಕುರ್ಚಿಯಂಥದೇ ಹಗುರ ಡೋಲಿ ಮಾಡಲು ನಿಂತರು. ನಡುವೆ ಕುಷ್ಟಗಿಯ ಹೊಲದಿಂದ ತಂದ ಜೋಳದ ದಂಟಿನ ಬೆಂಡು, ಎರಡೂ ಬದಿಗೆ ಪದರ ಪದರವಾಗಿ ಅತ್ತೆಯ ಹಳೆ ನೂಲಿನ ಸೀರೆ, ಪದರಕ್ಕೊಮ್ಮೆ ಅಂಟು. ಒಣಗಿದರೆ ಎಲ್ಲ ಸೇರಿ ಒಂದೇ ಹಲಗೆ, ಒಂದೇ ಕೈಯಲ್ಲಿ ಎತ್ತಬಹುದು.

ಮೊದಲ ಡೋಲಿಯ ಮೇಲೆ ಸಿಮೆಂಟಿನ ಚೀಲ ಇಟ್ಟು ನೋಡಿದರೆ, ಅಯ್ಯ ಶಿವನೇ, ಪದರಗಳು ಚಪಾತಿಯಂತೆ ಬಿಚ್ಚಿಕೊಂಡವು. ನಮ್ಮವರು ತಲೆಮೇಲೆ ಕೈಹೊತ್ತು ಕೂತರು. ಉಳಿದಿದ್ದ ಸೀರೆ ಮುಟ್ಟಿದೆ, ಪರಪರ ಎಂದಿತು. ಆ ಬಿರುಸೇ ಅಂಟನ್ನು ಒಳಗೆ ಬಿಟ್ಟಿರಲಿಲ್ಲ.

"ಅತ್ತಿ, ಇವಕ್ಕ ಗಂಜಿ ಹಾಕೀರೇನ್ರಿ?"

"ಮತ್ತ? ಹಳೀ ಅರಿವಿ ಅಂತ ಹಂಗ ಕೊಡಾಕ ಬರ್ತೈತೇನ? ಒಗದು, ಗಂಜಿ ಹಾಕಿ, ಮಡಚಿ ಕೊಟ್ಟೀನಿ."

"ಕುರ್ಚಿಗೆ ಸೀರಿ ಉಡಸಾಕ ಹತ್ತೀವೇನ್ರಿ ನಾವು!" ಎಂದು ರೇಗಿದೆ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಬಿಸಿನೀರಲ್ಲಿ ನೆನೆಸಿ, ತಿಕ್ಕಿ ಗಂಜಿ ಬಿಡಿಸಿದೆವು. ಈ ಸಲ ಸೀರೆಗಳು ಅಂಟು ಕುಡಿದು ತಿಳಿಯಾದವು. ಒಂದರ ಚೌಕಡಿ, ಅದರಡಿಯ ಇನ್ನೊಂದರ ಹಸಿರು ದಡಿ, ಎಲ್ಲ ನೀರಿನ ತಳದಲ್ಲಿದ್ದಂತೆ ಕಂಡವು. ಅತ್ತೆ ಒಂದರ ಮೇಲೆ ಬೆರಳಿಟ್ಟು, "ಇದನ್ನ ನಾಟಿಗೆ ಉಡ್ತಿದ್ದೆ," ಎಂದರು.

ನಮ್ಮವರು, ಮೈದುನ ಇಬ್ಬರೂ ಅತ್ತೆಯನ್ನು ಹೊತ್ತು ಬೆಟ್ಟ ಹತ್ತಿದರು. ಡೋಲಿ ಒಂಚೂರು ಕರ್ ಎಂದರೂ ಹಿಂದೆ ಬರುತ್ತಿದ್ದ ನಾನು ಓಡಿ ತಳಕ್ಕೆ ಕೈಕೊಡುತ್ತಿದ್ದೆ. ಏನೂ ಆಗಲಿಲ್ಲ.

ಮೇಲೆ ಗಾಳಿಯೋ ಗಾಳಿ. ಕೆಳಗೆ ಬಂಡೆಗಳ ನಡುವೆ ನಿದ್ದೆಹೋದ ಹೊಳೆ, ಆಚೀಚೆ ಗದ್ದೆ. ಅಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದ ಹೆಂಗಸರು ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದರು. ಅತ್ತೆ ಗುಡಿಯ ಕಡೆ ತಿರುಗಲೇ ಇಲ್ಲ. ಬಹಳ ಹೊತ್ತು ಕೆಳಗೇ ನೋಡಿದರು.

"ಇಷ್ಟಽ ಏನ ನಾವು?" ಎಂದರು. ಆಮೇಲೆ ಡೋಲಿಯ ತೋಳು ಹಿಡಿದು ಅರ್ಧ ಎದ್ದು, ಗಂಟಲು ಹರಿಯುವಂತೆ ಕೂಗಿದರು: "ಎವ್ವಾ, ಒಂದೀಟು ಸೊಂಟ ನೆಟ್ಟಗ ಮಾಡ್ರೇ! ಬದುವಿಗಿ ಬಂದು ಕುಂದರ್ರೇ!"

ಅಷ್ಟು ದೂರ ಕೇಳಿಸುವುದಿಲ್ಲವೆಂದ ಮೈದುನ. ಅವನನ್ನು ಗದರಿ ಸುಮ್ಮನಾಗಿಸಿ, ಅತ್ತೆಯ ಜೊತೆ ನಾನೂ ಕೂಗಿದೆ.