ಮೌಲಾಸಾಬ ತಿರುಗಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಅದು ನನ್ನ ದೊಡ್ಡಸ್ತಿಕೆಯೇನೂ ಅಲ್ಲ, ನನ್ನ ಕಸುಬು ಹಾಗಿದೆ. ನಾನು ಸಿನಿಮಾ ಸಂಕಲನ ಮಾಡುವವಳು. ಸೋಮವಾರ ನಕ್ಕ ನಟನನ್ನು ಗುರುವಾರ ಅತ್ತ ನಟಿಯ ಪಕ್ಕಕ್ಕೆ ತಂದು ಕೂರಿಸಿ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರೆಂದು ನಿಮ್ಮನ್ನು ನಂಬಿಸುವುದೇ ನನ್ನ ಹೊಟ್ಟೆಪಾಡು. ದೆವ್ವದ ಸಿನಿಮಾಗಳಿಗೂ ಕತ್ತರಿ ಹಾಕಿದ್ದೇನೆ. ಬಾಗಿಲು ತಾನಾಗಿಯೇ ತೆರೆದಾಗ ನೀವು ಬೆಚ್ಚಿಬೀಳುತ್ತೀರಿ, ನನಗೆ ಅದರ ಹಿಂದೆ ದಾರ ಜಗ್ಗುತ್ತ ಬೆವರುತ್ತಿರುವ ಮನುಷ್ಯ ಕಾಣುತ್ತಾನೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಇವರು ಎಲ್ಲಿ ಕತ್ತರಿಸಿ ಎಲ್ಲಿ ಅಂಟಿಸಿದ್ದಾರೆ ಎಂದು ಮನಸ್ಸಿನಲ್ಲೇ ಹುಡುಕುವ ಕೆಟ್ಟ ಚಟ ನನ್ನದು. ಅದಕ್ಕೇ ಸುರಪುರದಲ್ಲಿ ನನಗಾದದ್ದನ್ನು ಇಷ್ಟು ವರ್ಷ ಯಾರೆದುರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನಂಥವಳೇ ಒಬ್ಬಳು ಎದುರು ಕೂತು ಕೇಳಿದರೆ ಏನು ಗತಿ ಎಂಬ ಅಂಜಿಕೆ.

ಯಾದಗಿರಿ ಕಡೆಯ ಸಿನಿಮಾ ಹುಚ್ಚಿನವರ ಬಳಗವೊಂದು, ದೊಡ್ಡ ನಿರ್ಮಾಪಕರ ಹಂಗಿಲ್ಲದೆ ತಮ್ಮಷ್ಟಕ್ಕೆ ಸಿನಿಮಾ ಮಾಡುವವರಿಗೆ ಪ್ರಶಸ್ತಿ ಕೊಡುತ್ತಿತ್ತು. ಆ ವರ್ಷ ನಾವು ಮೂವರು ತೀರ್ಪುಗಾರರು. ಮೈಸೂರಿನ ಛಾಯಾಗ್ರಾಹಕ ಪ್ರಭಾಕರ, ಮೂಲತಃ ಕಕ್ಕೇರಾದವರಾಗಿ ನಾಟಕ ಕಂಪನಿಗಳ ಧೂಳೆಲ್ಲ ಕುಡಿದು ಸಿನಿಮಾಕ್ಕೆ ಬಂದ ಹಿರಿಯ ನಟ ಸಿದ್ರಾಮಪ್ಪ, ಮತ್ತು ನಾನು. ಶಹಾಪುರ ನಾನು ಹುಟ್ಟಿ ಬೆಳೆದ ಊರು, ಹಾಗಾಗಿ ಕರೆ ಬಂದಾಗ ಇಲ್ಲ ಎನ್ನಲಾಗಲಿಲ್ಲ. ವಸತಿ ಅಲ್ಲಿಯೇ. ಬೆಳಿಗ್ಗೆ ಕಾರಿನಲ್ಲಿ ಸುರಪುರಕ್ಕೆ ಹೋಗಿ, ಆಟ ನಿಂತು ಬಹಳ ಕಾಲವಾಗಿದ್ದ ಒಂದು ಹಳೆಯ ಟಾಕೀಜಿನಲ್ಲಿ ಕೂತು ಸಿನಿಮಾ ನೋಡುವುದು, ಸಂಜೆ ವಾಪಸು ಬರುವುದು. ದಾರಿಯಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಎದುರು ಪ್ರಭಾಕರ ದಿನಾ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಬುದ್ಧ ನಿನ್ನೆಗಿಂತ ಇವತ್ತು ಏನಾದರೂ ಮಗ್ಗುಲು ಬದಲಿಸಿದ್ದಾನೆಯೇ ಎಂದು ನಾನು ಕಾಡಿಸುತ್ತಿದ್ದೆ.

ನಮ್ಮ ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ದೃಶ್ಯವನ್ನು ನೆಚ್ಚಿ ಪ್ರಶಸ್ತಿ ಕೊಡುತ್ತೇವೋ ಆ ದೃಶ್ಯವನ್ನು ಮಾರನೆಯ ದಿನ ಇನ್ನೊಮ್ಮೆ ಹಾಕಿಸಿ ನೋಡಿಯೇ ಸಹಿ ಮಾಡಬೇಕು. ಹೊಟ್ಟೆ ತುಂಬಿದ ಮಧ್ಯಾಹ್ನ ಕಂಡದ್ದು ಬೆಳಿಗ್ಗೆ ಹಾಗೆಯೇ ಇರುವುದಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ತೀರ್ಪುಗಾರರಿಗೇ ಇರಬೇಕು. ಈ ಪದ್ಧತಿ ಬೇಕೆಂದು ಹಟ ಹಿಡಿದವಳು ನಾನೇ.

ಒಂದು ದಿನ ಊಟ ಮುಗಿಸಿ ಬರುವಾಗ ಟಾಕೀಜಿನ ಮೆಟ್ಟಿಲ ಮೇಲೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಅಕ್ಕಾರ, ಇವತ್ತ ಕಲಾಯಿಯವ್ರ ಸಿನಿಮಾ ಹಾಕ್ತೀರಂತಲ್ರಿ. ಅದ್ರಾಗ ಇರೋರು ನಮ್ಮ ಮನಿಯವ್ರು," ಅಂದರು. ಅವರ ಹೆಸರು ಹುಸೇನಬಿ. ಗಂಡ ಮೌಲಾಸಾಬ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ದೇವಾಪುರದ ಮಲ್ಲಿಕಾರ್ಜುನ ಎಂಬ ಹೊಸ ನಿರ್ದೇಶಕ ಅವರನ್ನೇ ನಾಯಕನನ್ನಾಗಿ ಮಾಡಿ ಸಿನಿಮಾ ತೆಗೆದಿದ್ದ. ಚಿತ್ರೀಕರಣ ಮುಗಿದ ಕೆಲವೇ ದಿನಗಳಲ್ಲಿ ಮೌಲಾಸಾಬರ ಎದೆ ಹಿಡಿದುಕೊಂಡಿತು. ಕಲಬುರಗಿಯ ದವಾಖಾನೆಗೆ ಹೋದವರು ಹೆಣವಾಗಿ ಬಂದರು.

"ಕಸುಬಿಗೆ ಹೊಂಟೋರು ತಿರುಗಿ ಮನಿ ಕಡೆ ನೋಡಬಾರ್ದು, ಬರಕತ್ ಹೋಗ್ತೈತಿ, ಗಳಿಕಿ ಕೈಯಾಗ ನಿಲ್ಲಂಗಿಲ್ಲ ಅಂತಿದ್ರು," ಅಂದರು ಹುಸೇನಬಿ. "ಲಗ್ನ ಆದಾಗಿಂದ ಬಾಗಿಲದಾಗ ನಿಂತು ಬೆನ್ನ ನೋಡೀನ್ರಿ. ಅದಕ್ಕ ಏನೂ ಅನ್ಸಿಲ್ಲ. ದವಾಖಾನಿಗಿ ಹೋಗಾಗರೆ ಒಮ್ಮಿ ತಿರುಗಿ ನೋಡಬಹುದಿತ್ತಲ್ರಿ. ಜೀಪಿನಾಗ ಕುಂತೋರು ಮುಂದ ನೋಡಕೋತನ ಹೋದ್ರು." ಟಾಕೀಜಿನ ಬಾಗಿಲ ಕಡೆ ನೋಡಿ, "ಸಿನಿಮಾದಾಗ ಮಾರಿ ಚಲೋ ಕಾಣ್ತೈತಂತ. ಒಮ್ಮಿ ನೋಡಿ ಹೋಗ್ತೀನ್ರಿ," ಅಂದರು.

ತೀರ್ಪುಗಾರರ ಪ್ರದರ್ಶನಕ್ಕೆ ಹೊರಗಿನವರು ಬರುವಂತಿಲ್ಲ. ಒಳಗೆ ಹೋಗಿ ಇಬ್ಬರಿಗೂ ವಿಷಯ ತಿಳಿಸಿದೆ. ಪ್ರಭಾಕರ ಹಿಂದೆಮುಂದೆ ನೋಡಿದರು. ಸಿದ್ರಾಮಪ್ಪ ಮಾತ್ರ, "ಬಾಲ್ಕನಿ ತುಂಬ ಪಾರಿವಾಳ ಕುಂತಾವ. ಅವಕ್ಕಿಲ್ಲದ ಕಾಯ್ದೆ ಆಕಿಗ್ಯಾಕ್ರಿ? ಕುಂದರ್ಲಿ ಬಿಡ್ರಿ," ಅಂದುಬಿಟ್ಟರು. ಹುಸೇನಬಿ ಸೆರಗು ಹೊದ್ದು ಮೇಲೆ ಬಾಲ್ಕನಿಗೆ ಹೋದರು. ನಾವು ಕೆಳಗೆ, ಎಂದಿನ ಜಾಗದಲ್ಲಿ ಕೂತೆವು.

ಸಿನಿಮಾ ತುಂಬಾ ಸಾದಾ. ಸ್ಟೀಲಿನ ಕಾಲದಲ್ಲಿ ಕೆಲಸವಿಲ್ಲದ ಕಲಾಯಿಯ ಮುದುಕ ಕೊನೆಯ ಸಲ ಊರೂರು ತಿರುಗಿ, ಯಾರಾದರೂ ಕರೆದಾರೇನೋ ಎಂದು ಕೂಗು ಹಾಕುತ್ತಾನೆ. ನಡುವೆ ಎಳೆದಾಟ ಬಹಳ, ನಾನಾಗಿದ್ದರೆ ಕಾಲುಭಾಗ ಕತ್ತರಿಸಿ ಬಿಸಾಕುತ್ತಿದ್ದೆ. ಆದರೆ ಮೌಲಾಸಾಬರ ಮುಖದ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಕೊನೆಯ ದೃಶ್ಯದಲ್ಲಿ ಅವರು ಬೆಂಕಿ ಊದುವ ತಿದಿಯ ಚೀಲ ಹೆಗಲಿಗೇರಿಸಿ ಕಾಲುವೆಯ ಏರಿ ಮೇಲೆ ನಡೆದು ಹೋಗುತ್ತಾರೆ. ಕ್ಯಾಮೆರಾ ನಿಂತಲ್ಲೇ ನಿಂತಿದೆ. ಎರಡೂ ಬದಿ ಭತ್ತದ ಗದ್ದೆ, ಇಳಿಬಿಸಿಲು, ದೂರವಾಗುತ್ತಿರುವ ಬೆನ್ನು. ಸಾಕಷ್ಟು ದೂರ ಹೋದ ಮೇಲೆ ಅವರು ನಿಂತರು. ಬಲ ಹೆಗಲಿನಿಂದ ಜಾರಿದ ಚೀಲದ ಪಟ್ಟಿಯನ್ನು ಮೇಲಕ್ಕೆ ಸರಿಸಿಕೊಂಡರು. ಆಮೇಲೆ ತಿರುಗಿ ನೋಡಿದರು. ಮುಗುಳ್ನಗೆಯಿಲ್ಲ, ಅಳುವಿಲ್ಲ, ಮನೆಯ ಬಾಗಿಲಿಗೆ ಚಿಲಕ ಹಾಕಿದೆಯೋ ಎಂದು ನೋಡುವವರ ಹಾಗೆ ಒಂದು ನೋಟ. ಮತ್ತೆ ಮುಂದೆ ನಡೆದರು.

ನಾನು ಅತ್ತುಬಿಟ್ಟೆ. ಸಿನಿಮಾ ನೋಡಿ ಅತ್ತು ಎಷ್ಟು ವರ್ಷವಾಗಿತ್ತೋ ನೆನಪಿಲ್ಲ. ಬದುಕಿಡೀ ಪಾಲಿಸಿದ ನೇಮವನ್ನು ಆ ಮನುಷ್ಯ ಕ್ಯಾಮೆರಾದ ಮುಂದೆ ಮುರಿದನಲ್ಲ, ನಟನೆ ಎಂದರೆ ಇನ್ನೇನು ಎಂದು ನನ್ನೊಳಗೇ ತೀರ್ಮಾನ ಆಗಿಹೋಯಿತು. ಹುಸೇನಬಿ ಬಾಲ್ಕನಿಯಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. "ನೋಡಿದ್ರು, ಅಕ್ಕಾರ. ನನ್ನ ನೋಡಿದ್ರು," ಅಂದರು. ಯಾರಿಗೆ ಪ್ರಶಸ್ತಿ ಬಂದರೂ, ಈ ಭಾಗದ್ದೆಂದು ಪ್ರಶಸ್ತಿಯ ಸಂಜೆ ಇದೇ ಸಿನಿಮಾ ಊರವರಿಗೆಲ್ಲ ತೋರಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಮಗಳನ್ನೂ ಓಣಿಯವರನ್ನೂ ಕರೆದುಕೊಂಡು ಬರುತ್ತೇನೆ ಎಂದು ಹೇಳಿ, ಬಂದಾಗ ಇಲ್ಲದ ಚುರುಕಿನಲ್ಲಿ ಮನೆಗೆ ಹೋದರು.

ಅತ್ಯುತ್ತಮ ನಟ ಯಾರೆಂಬ ಬಗ್ಗೆ ನಮ್ಮಲ್ಲಿ ಜಗಳವೇ ಆಗಲಿಲ್ಲ. ಪ್ರಭಾಕರ ಮಾತ್ರ ಕಸುಬಿನವರ ಒಂದು ಕೊಂಕು ತೆಗೆದರು. "ಮೇಡಂ, ಕ್ಯಾಮೆರಾ ಇರೋದು ಆಳೆತ್ತರದಲ್ಲಿ. ಅವರು ಲೆನ್ಸಿಗಿಂತ ತುಂಬಾ ಮೇಲೆ ನೋಡ್ತಾರೆ. ಅಲ್ಲಿ ಯಾರು ನಿಂತಿದ್ದಾರೆ ಅಂತ ನೋಡ್ತಾರೆ? ಅದೊಂದು ಸರಿ ಹೋಗ್ಲಿಲ್ಲ." ನೋಟದ ದಿಕ್ಕು ತಪ್ಪಿದ್ದನ್ನು ನಾನೂ ಗಮನಿಸಿದ್ದೆ. ಹೊಸ ನಟರು ಎಲ್ಲಿ ನೋಡಬೇಕೆಂದು ತಿಳಿಯದೆ ಹೀಗೆ ಮಾಡುವುದುಂಟು ಎಂದು ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟೆವು.

ಮರುದಿನ ಬೆಳಿಗ್ಗೆ ಪದ್ಧತಿಯಂತೆ ಆ ದೃಶ್ಯ ಹಾಕಿಸಿದೆವು. ಮೌಲಾಸಾಬ ಏರಿ ಮೇಲೆ ನಡೆದರು. ದೂರವಾದರು. ನಡೆಯುತ್ತಲೇ ಇದ್ದರು. ಚುಕ್ಕೆಯಷ್ಟಾಗಿ ಬಿಸಿಲಿನಲ್ಲಿ ಕರಗಿದರು. ಪರದೆ ಕಪ್ಪಾಯಿತು.

ಪ್ರಭಾಕರ ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೆ ಅದೇ. ಅವರು ನಿಲ್ಲಲಿಲ್ಲ, ಪಟ್ಟಿ ಸರಿಸಲಿಲ್ಲ, ತಿರುಗಲಿಲ್ಲ. ಯಂತ್ರ ನೋಡಿಕೊಳ್ಳುವವರನ್ನು ಕೇಳಿದರೆ, ನಿನ್ನೆ ಹಾಕಿದ್ದೂ ಇದೇ, ತನ್ನ ಬಳಿ ಬೇರೆ ಪ್ರತಿಯೇ ಇಲ್ಲ ಎಂದರು. ಸಂಕಲನದವಳ ಬುದ್ಧಿ, ನನಗೆ ಮೊದಲು ಹೊಳೆದದ್ದು ನಿರ್ದೇಶಕ ರಾತ್ರೋರಾತ್ರಿ ಪ್ರತಿ ಬದಲಿಸಿದ್ದಾನೆ ಎಂದು. ಫೋನು ಮಾಡಿ ಕರೆಸಿದೆ. ಮಲ್ಲಿಕಾರ್ಜುನ ದೇವಾಪುರದಿಂದ ಬೈಕಿನಲ್ಲಿ ಬಂದ. ನಾವು ಕಂಡದ್ದನ್ನು ಕೇಳಿ ಅವನ ಮುಖ ಬಿಳಚಿತು.

"ತಿರುಗ್ರಿ ಕಾಕಾ ಅಂತ ಕೈ ಮುಗಿದೇನ್ರಿ, ಮೇಡಂ. ಹೊಂಟ ಮ್ಯಾಲ ತಿರುಗಂಗಿಲ್ಲೋ ತಮ್ಮಾ ಅಂದುಬಿಟ್ರು. ಒಮ್ಮಿ ತೆಗೆಯೋದ್ರಾಗ ಹೊತ್ತು ಮುಳುಗಿತು. ಮರುದಿನ ತೆಗೀಬೇಕಂದ್ರ ಅವ್ರು ಬರಲಿಲ್ಲ. ತಿರುಗಿದ್ರ ನಾನು ಇಡಲಾರದ ಬಿಡ್ತಿದ್ನೇನ್ರಿ?"

ಅವನ ಮನೆಯಿಂದ ಚಿತ್ರೀಕರಣದ ಡಿಸ್ಕ್ ತರಿಸಿ, ಆ ಸಂಜೆಯ ದೃಶ್ಯವನ್ನು ಒಂದೊಂದೇ ಚೌಕಟ್ಟು ಸರಿಸುತ್ತ ನೋಡಿದೆ. ಇದ್ದದ್ದು ಒಂದೇ ಒಂದು ಸಲ ತೆಗೆದದ್ದು. ಅದರಲ್ಲಿ ಮೊದಲಿಂದ ಕೊನೆಯವರೆಗೂ ಬರೀ ಬೆನ್ನು.

ನೀವು ಹೇಳಬಹುದು, ಹುಸೇನಬಿಯ ಮಾತು ನಮ್ಮ ತಲೆಯಲ್ಲಿತ್ತು, ಆಸೆಪಟ್ಟದ್ದು ಕಣ್ಣಿಗೆ ಕಂಡಿತು ಎಂದು. ನಾನೂ ಅದನ್ನೇ ಹೇಳಿಕೊಂಡೆ. ಆದರೆ ಮಲ್ಲಿಕಾರ್ಜುನ ಮೂವರನ್ನೂ ಬೇರೆ ಬೇರೆ ಕೂರಿಸಿ ವಿವರಿಸಲು ಹೇಳಿದಾಗ ಮೂವರೂ ಜಾರಿದ ಪಟ್ಟಿಯ ಮಾತಾಡಿದೆವು, ಮೂವರೂ ಬಲ ಹೆಗಲು ಅಂದೆವು. ಆಸೆ ಪಟ್ಟು ಕಂಡಿದ್ದರೆ ಆ ನೋಟ ನೆಟ್ಟಗೆ ಇರುತ್ತಿತ್ತು. ನೋಟ ತಪ್ಪಾಗಿದೆ ಎಂದು ಕೊಂಕು ತೆಗೆದದ್ದನ್ನು ಏನು ಮಾಡುವುದು? ಮಾತು ಅಲ್ಲಿಗೆ ಬಂದಾಗ ಸಿದ್ರಾಮಪ್ಪ ಕುರ್ಚಿಯಲ್ಲಿ ಕೂತಲ್ಲೇ ಹಿಂದಕ್ಕೆ ಹೊರಳಿ ಮೇಲೆ ನೋಡಿದರು. ನಾವಿಬ್ಬರೂ ನೋಡಿದೆವು. ಬಾಲ್ಕನಿಯಲ್ಲಿ ಹುಸೇನಬಿ ಕೂತಿದ್ದ ಜಾಗ ನಮ್ಮ ಹಿಂದೆ, ತಲೆಯ ಮೇಲೆ, ಸರಿಯಾಗಿ ಮೌಲಾಸಾಬ ನೋಡಿದ ದಿಕ್ಕಿನಲ್ಲಿತ್ತು. ಹೆದರಿಕೆಯಾಗಲಿಲ್ಲ. ಗುಡಿಯೋ ದರ್ಗಾವೋ ಹೊಕ್ಕಾಗ ತಾನಾಗಿ ದನಿ ತಗ್ಗುತ್ತದಲ್ಲ, ಹಾಗೆ ನಾವು ಆಮೇಲೆ ಪಿಸುಮಾತಿನಲ್ಲೇ ಮಾತಾಡಿದೆವು.

ಪ್ರಶಸ್ತಿಯನ್ನು ಮೌಲಾಸಾಬರಿಗೆ ಕೊಡಲಿಲ್ಲ. ಸಿನಿಮಾದಲ್ಲಿ ಇಲ್ಲದ ನೋಟಕ್ಕೆ ಹೇಗೆ ಕೊಡುವುದು ಎಂದರು ಪ್ರಭಾಕರ. ಅದು ಇನ್ನೊಂದು ಸಿನಿಮಾದ ನಟನಿಗೆ ಹೋಯಿತು. ನನ್ನನ್ನು ಕಾಡಿದ್ದು ಪ್ರಶಸ್ತಿಯ ಚಿಂತೆಯಲ್ಲ. ಆ ಹೆಂಗಸು ಓಣಿಗೆಲ್ಲ ಹೇಳಿದ್ದಾರೆ. ಸಂಜೆ ಮಗಳ ಪಕ್ಕ ಕೂತು ಕಾಯುತ್ತಾರೆ. ಬೆನ್ನು ಬೆನ್ನಾಗಿಯೇ ಹೋಗುತ್ತದೆ. ಒಮ್ಮೆ ಸಿಕ್ಕದ್ದನ್ನು ಊರೆದುರು ಕಸಿದುಕೊಂಡಂತಾಗುತ್ತದೆ.

ಮಲ್ಲಿಕಾರ್ಜುನನಿಗೂ ಅದೇ ಸಂಕಟ. "ಮೇಡಂ, ಈಗ ಕಂಪ್ಯೂಟರಿನಾಗ ತಿರುಗಿಸಬಹುದಲ್ರಿ. ನೀವ ಮಾಡಿಕೊಡ್ರಿ," ಅಂದ. ಮಾಡಬಹುದಿತ್ತು. ಸತ್ತವರನ್ನು ನಗಿಸುವ, ಕುಣಿಸುವ ವಿದ್ಯೆಗೆ ಆಗಲೂ ಬರವಿರಲಿಲ್ಲ. ಹುಸೇನಬಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಜನ್ಮವಿಡೀ ಸುಳ್ಳು ಹೊಲಿದವಳಿಗೆ ಇದೊಂದು ಹೊಲಿಗೆ ಭಾರವೇ? ಲ್ಯಾಪ್‌ಟಾಪು ತೆರೆದು ಕೂತದ್ದೂ ನಿಜ. ಆದರೆ ಕೈ ಏಳಲಿಲ್ಲ. ತಾನಾಗಿ ಬಂದು ಹೋದದ್ದರ ಜಾಗದಲ್ಲಿ ನಾನು ಮಾಡಿದ ಗೊಂಬೆಯನ್ನು ಕೂರಿಸಲು ಧೈರ್ಯವಾಗಲಿಲ್ಲ. ಹುಸೇನಬಿಯ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳೋಣವೆಂದರೆ ಅದಕ್ಕೂ ಬಾಯಿ ಬರಲಿಲ್ಲ.

ಪ್ರಶಸ್ತಿಯ ಸಂಜೆ ಟಾಕೀಜು ಕಿಕ್ಕಿರಿದಿತ್ತು. ಬಾಲ್ಕನಿ ಶಿಥಿಲವಾಗಿದೆಯೆಂದು ಜನರನ್ನು ಮೇಲೆ ಬಿಡಲಿಲ್ಲ. ಹುಸೇನಬಿ, ಮಗಳು ಶಮೀಮ್, ಓಣಿಯ ಹೆಂಗಸರು ಕೆಳಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ತೀರ್ಪುಗಾರರ ಕುರ್ಚಿ ಬಿಟ್ಟು ಹೋಗಿ ನಾನು ಹುಸೇನಬಿಯ ಪಕ್ಕ ಕೂತೆ. ಆ ಹೊತ್ತಿಗೆ ಕೈ ಹಿಡಿದುಕೊಳ್ಳಲು ಒಬ್ಬರಿರಲಿ ಎಂದಷ್ಟೇ.

ಕೊನೆಯ ದೃಶ್ಯ ಬಂತು. ಏರಿ, ಗದ್ದೆ, ಬಿಸಿಲು. ನಾನು ರೆಪ್ಪೆ ಹೊಡೆಯದೆ ನೋಡಿದೆ. ದೇವರಿಲ್ಲ ದಿಂಡರಿಲ್ಲ ಎನ್ನುತ್ತಿದ್ದವಳು, ತಿರುಗಿ ಸಾಹೇಬರೇ, ಒಮ್ಮೆ ತಿರುಗಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಅವರು ತಿರುಗಲಿಲ್ಲ. ಬೆನ್ನು ಚಿಕ್ಕದಾಗುತ್ತಲೇ ಹೋಯಿತು. ನಾನು ಹುಸೇನಬಿಯ ಕೈಗೆ ಕೈ ಚಾಚುವಷ್ಟರಲ್ಲಿ ಅವರು ನೆಟ್ಟಗೆ ಕೂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎದುರಿನಲ್ಲಿ ನಿಂತವರಿಗೆ ಹೇಳುವಂತೆ ಮೆಲ್ಲಗೆ ತಮ್ಮ ಮನೆಯ ಮಾತಿನಲ್ಲಿ, "ಜಾಕೊ ಆವೊ" ಅಂದರು. ಹೋಗಿ ಬನ್ನಿ ಎಂದು. ಅವರ ಕಣ್ಣು ಒದ್ದೆಯಾಗಿರಲಿಲ್ಲ.

ಹಿಂದಿನ ಸಾಲುಗಳಲ್ಲಿ ಯಾರು ಏನು ಕಂಡರೋ ನಾನು ಕೇಳಲಿಲ್ಲ. ಸಿದ್ರಾಮಪ್ಪ, ಪ್ರಭಾಕರ ಇಬ್ಬರೂ ತಾವು ಕಂಡದ್ದು ಬೆನ್ನು ಮಾತ್ರ ಎಂದು ಆಮೇಲೆ ಹೇಳಿದರು. ಮೂವರಿಗೆ ಒಮ್ಮೆ ಯಾಕೆ ಕಂಡಿತು, ಮತ್ತೆ ಯಾಕೆ ಕಾಣಲಿಲ್ಲ, ಇವತ್ತಿಗೂ ನನಗೆ ತಿಳಿದಿಲ್ಲ.

ದೀಪ ಹತ್ತಿದಾಗ ಶಮೀಮ್ ಕಣ್ಣೊರೆಸಿಕೊಳ್ಳುತ್ತ ತಾಯಿಯ ಆಚೆಯಿಂದ ನನ್ನ ಕಡೆ ಬಾಗಿದಳು. "ನಮ್ಮಪ್ಪ ತಿರುಗಿ ನೋಡಿದ್ರಲ್ರಿ, ಅಕ್ಕಾರ. ನೀವೂ ನೋಡಿದ್ರಿ ಹೌದಿಲ್ರಿ?"

"ನೋಡೀನವ್ವ," ಅಂದೆ.