ಎದುರುಮನೆಯ ಕಿಟಕಿಯಲ್ಲಿ ಕೌಬಾಯ್

ಬ್ರಿಕ್‌ಫೀಲ್ಡ್ಸ್‌ನ ಹೂವಿನಂಗಡಿಗಳ ಹಿಂದಿನ ಫ್ಲ್ಯಾಟಿನಲ್ಲಿರುವ ಜಯರಾಮ ಹುಟ್ಟಿ ಬೆಳೆದದ್ದು ಕ್ವಾಲಾಲಂಪುರದಲ್ಲೇ. ಕಾಂಪೌಂಡರ್ ಆಗಿದ್ದ ತಂದೆ ಮಂಗಳೂರಿನಿಂದ ತಂದ ಕನ್ನಡ ಮಗನ ಬಾಯಲ್ಲಿ ಇನ್ನೂ ಉಳಿದಿದೆ. ಹತ್ತಿರದ ಊರು ನಿಲಾಯ್‌ನಲ್ಲಿ ಸಂಶೋಧನೆ ಮಾಡುವ ಮೈಸೂರಿನ ಧೃತಿ ಜಯರಾಮರಲ್ಲಿಗೆ ಹೋದದ್ದು ಒಂದು ಹಳೆಯ ಕೌಬಾಯ್ ಧಾರಾವಾಹಿಯ ನೆನಪು ಕೇಳಲು. ಕಪ್ಪು-ಬಿಳುಪಿನ ಆ ಅಮೆರಿಕನ್ ಕಥೆ ಅರವತ್ತರ ದಶಕದಲ್ಲಿ ಇಲ್ಲಿನ ಮಕ್ಕಳಿಗೆ ಹುಚ್ಚು ಹಿಡಿಸಿತ್ತು. ಅದರ ನಾಯಕ ಎಂದೂ ತಾನಾಗಿ ಮೊದಲು ಪಿಸ್ತೂಲಿಗೆ ಕೈಹಾಕುತ್ತಿರಲಿಲ್ಲ.

ಜಯರಾಮ ಹೇಳಿದ್ದು ಧೃತಿ ನಿರೀಕ್ಷಿಸದ ಸಂಗತಿ. ಅರವತ್ತೊಂಬತ್ತರ ಮಲಯ-ಚೀನೀ ಗಲಭೆಯಲ್ಲಿ ಕರ್ಫ್ಯೂ ಹಾಕಿದ್ದರು. ಬೀದಿಯಲ್ಲಿ ಟಿವಿ ಇದ್ದದ್ದು ಎದುರುಮನೆಯ ಚೀನೀ ಬಡಗಿಯ ಹತ್ತಿರ ಮಾತ್ರ. ಹೊರಗೆ ಕಾಲಿಡುವಂತಿರಲಿಲ್ಲ, ಯಾರನ್ನು ನಂಬಬೇಕೋ ದೊಡ್ಡವರಿಗೇ ತಿಳಿಯುತ್ತಿರಲಿಲ್ಲ. ಧಾರಾವಾಹಿಯ ಸಂಜೆ ಬಡಗಿ ಟಿವಿಯನ್ನು ಕಿಟಕಿಯಲ್ಲಿಟ್ಟು ಬೀದಿಗೆ ಮುಖಮಾಡಿ ತಿರುಗಿಸಿದ. ಮಲಯರ, ತಮಿಳರ ಮಕ್ಕಳು, ಜಯರಾಮ ಎಲ್ಲರೂ ತಮ್ಮತಮ್ಮ ಕಿಟಕಿಯ ಸರಳು ಹಿಡಿದು ನೋಡಿದರು.

ಧೃತಿ ಅದನ್ನು ತನ್ನ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಕೇಳಿಸಲೆಂದು ರೆಕಾರ್ಡ್ ಮಾಡಿಕೊಂಡಳು. ವಿಚಾರಗೋಷ್ಠಿಯ ಹಿಂದಿನ ದಿನ ಜಯರಾಮರ ಮಗಳು ಶ್ರೀಯಾ ಫೋನ್ ಮಾಡಿದಳು, ಮಾತಿಗೆ ಇಲ್ಲಿನವರ ‘ಲಾ’ ಸೇರಿಸಿ.

“ಪ್ಲೀಸ್ ಲಾ, ಅದನ್ನ ಹಾಕ್ಬೇಡಿ. ಗಲಭೆ ವಿಷ್ಯ ಇಲ್ಲಿ ಯಾರೂ ಎತ್ತಲ್ಲ. ಯಾರಾದ್ರೂ ವಿಡಿಯೋ ಮಾಡಿ ಶೇರ್ ಮಾಡಿದ್ರೆ? ಐ ಹ್ಯಾವ್ ಕಿಡ್ಸ್.”

ಧೃತಿ ಇರುವುದೇ ವಿದ್ಯಾರ್ಥಿ ವೀಸಾದ ಮೇಲೆ, ಗಲಾಟೆಯಾದರೆ ಅದು ರದ್ದಾದೀತು. ಆದರೆ ಆ ಭಾಗ ತೆಗೆದರೆ ಉಳಿಯುವುದು ಬರೀ ಕುದುರೆ, ಟೋಪಿ. ರೈಲು ಹತ್ತಿ ಬ್ರಿಕ್‌ಫೀಲ್ಡ್ಸ್‌ಗೆ ಹೋದಳು.

“ಮಗಳಿಗೆ ಭಯ ಅಮ್ಮಾ,” ಎಂದರು ಜಯರಾಮ. “ನನಗೂ ಉಂಟು. ಇಲ್ಲದಿದ್ರೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿ ಕೂತಿದ್ದೆ?”

“ತೆಗೆದುಬಿಡ್ಲಾ ಅಂಕಲ್?”

ಅವರು ಕಿಟಕಿಯ ಕಡೆ ತಿರುಗಿದರು. “ನಾವೆಲ್ಲ ಆ ಕೌಬಾಯ್ ಆಗ್ಬೇಕೂಂತ ಆಟ ಆಡ್ತಿದ್ವಿ. ಧೈರ್ಯ ಮಾಡಿದ್ದು ಬಡಗಿ. ಒಂದು ಥ್ಯಾಂಕ್ಸ್ ಹೇಳೋ ಮೊದಲೇ ಅವರು ಮನೆ ಖಾಲಿ ಮಾಡಿದ್ರು. ಬೇಡ, ತೆಗೀಬೇಡ. ಹಾಕು.”

ಮರುದಿನ ಸಭೆಯಲ್ಲಿ ಇಂಗ್ಲಿಷ್ ಅಡಿಬರಹದ ಜೊತೆ ಅವರ ರೆಕಾರ್ಡಾದ ಧ್ವನಿ ಕೇಳಿಸುತ್ತಿದ್ದಂತೆ ಎರಡು ಮೂರು ಫೋನುಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಶ್ರೀಯಾ ತಂದೆಯ ಪಕ್ಕ ಮುದುಡಿ ಕುಳಿತಿದ್ದಳು. ಧ್ವನಿ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಯಸ್ಸಾದ ಮಲಯ್ ಪ್ರೊಫೆಸರೊಬ್ಬರು ಎದ್ದು, “ಯಾವ ಬೀದಿ?” ಎಂದಷ್ಟೇ ಕೇಳಿದರು.

ಶ್ರೀಯಾ ತೋಳು ಹಿಡಿದೆಳೆಯುತ್ತಿದ್ದರೂ ಜಯರಾಮ ಎದ್ದುನಿಂತು ಬೀದಿಯ ಹೆಸರು ಹೇಳಿದರು. ಪ್ರೊಫೆಸರ್ ತಮಗೂ ಆ ಬೀದಿ ಗೊತ್ತೆಂಬಂತೆ ತಲೆಯಾಡಿಸಿ ಕುಳಿತರು.

ಏನೂ ಆಗಲಿಲ್ಲ. ಆದರೂ ಕೆಲವು ವಾರ ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಶ್ರೀಯಾ ಎತ್ತುತ್ತಿರಲಿಲ್ಲ. ಜಯರಾಮ ಮಾತ್ರ ಓಡಿಬಂದು ಎತ್ತುತ್ತಿದ್ದರು, ಬಡಗಿಯ ಮನೆಯವರೇನಾದರೂ ಇರಬಹುದೇ ಎಂದು.