ಹಾಲಿನ ಡೈರಿಯಲ್ಲಿ ಕಲಿತೆ ಅಂದೆ

ಮನೆಗೊಂದು ಬಟನ್ ಫೋನಿದ್ದರೆ ಅದೇ ಹೆಚ್ಚು, ಅದಕ್ಕೂ ಸಿಗ್ನಲ್ ಬೇಕೆಂದರೆ ಮಹಡಿ ಹತ್ತಬೇಕು ಅನ್ನುವಂಥ ಕಾಲ. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ದಾರಿಯಲ್ಲಿ, ಕಪಿಲಾ ನದಿಗೆ ಕೂಗಳತೆ ದೂರದಲ್ಲಿ ನಮ್ಮೂರು. ನಾನಾಗ ಎಂಟನೇ ಕ್ಲಾಸಿನಲ್ಲಿದ್ದೆ. ಊರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಒಂದೇ ಒಂದು. ಅದು ಇದ್ದದ್ದು ಶಾಲೆಯಲ್ಲಲ್ಲ, ಹಾಲಿನ ಡೈರಿಯಲ್ಲಿ.

ಅದು ಹೆಂಗಸರ ಹಾಲಿನ ಸಂಘ. ಬೆಳಿಗ್ಗೆ, ಸಂಜೆ ಊರಿನ ಹೆಂಗಸರೆಲ್ಲ ಕ್ಯಾನು, ಚೊಂಬು ಹಿಡಿದು ಅದರ ಜಗಲಿಯ ಮುಂದೆ ಸಾಲು ನಿಲ್ಲುತ್ತಿದ್ದರು. ನಮ್ಮವ್ವನೂ ಆ ಸಾಲಿನಲ್ಲಿ ಒಬ್ಬಳು. ಕಾರ್ಯದರ್ಶಿ ರತ್ನಕ್ಕ ಹಾಲು ಅಳೆದು, ಅದು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡಿ, ಕಂಪ್ಯೂಟರಿಗೆ ಏರಿಸಿ, ಚೀಟಿ ಹರಿದು ಕೊಡುತ್ತಿದ್ದಳು. ಅವಳ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡಿದ್ದ. ಅದಾದ ಮೇಲೆ ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದು ಈ ಕೆಲಸ ಹಿಡಿದಿದ್ದಳು. ಅಂಗನವಾಡಿಗೆ ಹೋಗುವ ಒಬ್ಬ ಮಗ. ಊರಿನ ಮಕ್ಕಳಿಗೆಲ್ಲ ಅವಳು ಅಕ್ಕನೇ.

ಆ ವರ್ಷ ಮಳೆಗಾಲ ಹಿಡಿದುಕೊಂಡ ದಿನಗಳಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಲೋಕೇಶ್ ಸಾರ್ ಕ್ಲಾಸಿಗೆ ಬಂದು, ಶಾಲೆ ಮಕ್ಕಳಿಗೆ ಕೋಡಿಂಗ್ ಸ್ಪರ್ಧೆ ಇದೆ, ಕಂಪ್ಯೂಟರಿನಲ್ಲಿ ಆಟ ಕಟ್ಟಬೇಕು, ಗೆದ್ದವರು ದೆಹಲಿಗೆ ಹೋಗುತ್ತಾರೆ ಅಂದರು. ದೆಹಲಿ ಅಂದ ಕೂಡಲೇ ನಾನು ಕೈ ಎತ್ತಿದೆ. ಪಕ್ಕದಲ್ಲಿ ಕೂತಿದ್ದ ಪವಿತ್ರಳ ಕೈಯನ್ನೂ ಹಿಡಿದು ಎತ್ತಿಸಿದೆ. ಶಾಲೆಯ ಕಂಪ್ಯೂಟರುಗಳೋ, ಕೆಟ್ಟು ನಿಂತು ಯಾವ ಕಾಲವಾಗಿತ್ತೋ. ಸಾರ್ ತಮ್ಮ ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮಿಬ್ಬರನ್ನೂ ಡೈರಿಗೆ ಕರೆದುಕೊಂಡು ಹೋದರು.

ರತ್ನಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ. "ಮಧ್ಯಾನ ಎಂಗಿದ್ರೂ ಸುಮ್ನೆ ಕೂತಿರ್ತದೆ ಸಾ. ಐಕ್ಳು ಕಲ್ತ್ಕೊಳ್ಲಿ. ಆಲಿನ್ ಲೆಕ್ಕದ ತಾವ ಮಾತ್ರ ಕೈ ಆಕ್ಬ್ಯಾಡ್ರವ್ವ," ಅಂದಳು. ಲೆಕ್ಕದ ಕಡೆ ನಾವು ಕಣ್ಣೂ ಹಾಕಲಿಲ್ಲ.

ಶಾಲೆ ಬಿಟ್ಟ ಮೇಲೆ, ಸಂಜೆಯ ಹಾಲು ಬರುವ ಮುಂಚೆ, ಆ ಕೋಣೆ ನಮ್ಮದಾಗುತ್ತಿತ್ತು. ಹುಳಿ ಬಂದ ಹಾಲು, ಫಿನಾಯಿಲ್, ಬೂಸಾ ಮೂಟೆಗಳ ಒಣ ವಾಸನೆ ಎಲ್ಲ ಬೆರೆತ ಗಾಳಿ. ಕುರ್ಚಿ ಒಂದೇ ಇದ್ದದ್ದರಿಂದ ಬೂಸಾ ಮೂಟೆಯನ್ನೇ ಎಳೆದುಕೊಂಡು ಇಬ್ಬರೂ ಅದರ ಮೇಲೆ ಕೂರುತ್ತಿದ್ದೆವು. ಬಣ್ಣಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ತೆರೆಯ ಮೇಲಿನ ಬೊಂಬೆ ನಾವು ಹೇಳಿದಂತೆ ನಡೆಯುತ್ತಿತ್ತು. ಮೊದಲ ಸಲ ಅದು ನಡೆದಾಗ ಪವಿತ್ರ ಕಿರುಚಿದ ಕಿರುಚಿಗೆ ರತ್ನಕ್ಕ ಹಾವು ಬಂತೆಂದು ಕೋಲು ಹಿಡಿದು ಓಡಿಬಂದಿದ್ದಳು. ಹಸಿವಾಯಿತೆಂದರೆ ಕಡ್ಲೆಪುರಿಗೆ ಈರುಳ್ಳಿ, ಹಸಿಮೆಣಸು ಹೆಚ್ಚಿಹಾಕಿ, ಒಂದು ತೊಟ್ಟು ಎಣ್ಣೆ ಬಿಟ್ಟು ಕಲಸಿ ಕೊಡುತ್ತಿದ್ದಳು. "ಕೈ ತೊಳ್ಕೊಂಡು ಮುಟ್ರೇ, ಕೀಬೋರ್ಡು ಖಾರ ಆದಾತು!" ಅನ್ನುತ್ತಿದ್ದಳು.

ನಮ್ಮ ಆಟದಲ್ಲಿ ಹೊಳೆ ಏರುತ್ತಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಕಡೆ ದಂಡೆಯ ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ಪ್ರತಿ ಮಳೆಗಾಲವೂ ನೋಡುತ್ತಿದ್ದೆವು. ಆಟದ ಹುಡುಗಿ ನೀರು ಮುಟ್ಟುವುದರೊಳಗೆ ಆಡುಗಳನ್ನೆಲ್ಲ ಮೇಲಕ್ಕೆ ಹತ್ತಿಸಬೇಕು. ಎಲ್ಲ ಆಯಿತು, ಆಡು ಕೂಗುವ ಸದ್ದು ಮಾತ್ರ ಇರಲಿಲ್ಲ. ರೆಕಾರ್ಡ್ ಮಾಡಲು ಲೋಕೇಶ್ ಸಾರ್ ಫೋನು ಮುಂದೆ ಹಿಡಿದರೆ ಪವಿತ್ರಳ ಮನೆಯ ಆಡು ಬಾಯೇ ಬಿಡಲಿಲ್ಲ. ಕೊನೆಗೆ ರತ್ನಕ್ಕನೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಡೀರಿ ಸಾ, ನಾನೇ ಕೂಗ್ತೀನಿ," ಎಂದು 'ಮ್ಯಾ...' ಅಂದಳು. ಹೊರಗೆ ಕಟ್ಟಿದ್ದ ಮರಿಯೊಂದು ಮರುದನಿ ಕೊಟ್ಟಿತು. ನಾವು ನಕ್ಕು ನಕ್ಕು ಮೂಟೆಯಿಂದ ಕೆಳಗೆ ಬಿದ್ದೆವು.

ಆ ಆಟ ಮೈಸೂರಿನಲ್ಲಿ ಗೆದ್ದಿತು, ಬೆಂಗಳೂರಿನಲ್ಲೂ ಗೆದ್ದಿತು. ಚಳಿಗಾಲದಲ್ಲಿ ನಾವು ದೆಹಲಿಯ ರೈಲು ಹತ್ತಿದೆವು. ಅವ್ವ ಹುರಿಹಿಟ್ಟು, ಚಟ್ನಿಪುಡಿ, ಒಣಗಿದ ಚಪಾತಿ ಕಟ್ಟಿಕೊಟ್ಟಿದ್ದಳು. ಮದುವೆಯ ಹೊಸತರಲ್ಲಿ ಗಂಡ ಕೊಡಿಸಿದ್ದ ಸ್ವೆಟರನ್ನು ರತ್ನಕ್ಕ ನನಗೆ ಕೊಟ್ಟಿದ್ದಳು. ತೋಳು ನನ್ನ ಬೆರಳುಗಳನ್ನೂ ಮುಚ್ಚಿ ಇಳಿಬಿದ್ದಿತ್ತು.

ದೆಹಲಿಯಲ್ಲಿ ದೊಡ್ಡದೊಂದು ಸಭಾಂಗಣ. ಒಂದೊಂದು ಮೇಜಿಗೆ ಒಂದೊಂದು ರಾಜ್ಯದ ಮಕ್ಕಳು. ಅಲ್ಲಿಗೆ ಬಂದವರು ದೇಶದ ಬಹುದೊಡ್ಡ ನಾಯಕರು. ಹೆಸರು ಬೇಡ, ನಮ್ಮೂರ ಚಹಾ ಅಂಗಡಿಯ ಟೀವಿಯಲ್ಲಿ ದಿನಾ ಕಾಣುತ್ತಿದ್ದ ಮುಖ. ಸುತ್ತ ಕಪ್ಪು ಕೋಟಿನವರು, ಕ್ಯಾಮೆರಾದವರು. ಅವರು ನಮ್ಮ ಮೇಜಿನ ಮುಂದೆ ನಿಂತರು. ಆಟ ನೋಡಿದರು. ಆಡು ಕೂಗಿದಾಗ ಜೋರಾಗಿ ನಕ್ಕರು. ಪವಿತ್ರಳನ್ನು ಹಿಂದಿಯಲ್ಲಿ ಏನೋ ಕೇಳಿದರು. ಅವಳು ನೆಲ ನೋಡುತ್ತ ನಿಂತುಬಿಟ್ಟಳು. ಆಗ ನನ್ನ ಕಡೆ ತಿರುಗಿದರು. ಜೊತೆಗಿದ್ದ ಒಬ್ಬ ಮೇಡಂ ಕನ್ನಡಕ್ಕೆ ತಿರುಗಿಸಿದರು. "ಇಷ್ಟು ಚೆನ್ನಾಗಿ ಮಾಡಿದ್ದೀಯಲ್ಲ, ಎಲ್ಲಿ ಕಲಿತೆ ಮಗು? ನಿಮ್ಮ ಶಾಲೆಯಲ್ಲಾ?"

"ಇಲ್ಲ ಮೇಡಂ, ಆಲಿನ ಡೈರೀಲಿ," ಅಂದೆ.

ಮೇಡಂಗೆ ತಾವು ಸರಿಯಾಗಿ ಕೇಳಿಸಿಕೊಂಡಿದ್ದೇವೋ ಇಲ್ಲವೋ ಅನ್ನುವ ಅನುಮಾನ. "ಎಲ್ಲಿ?"

"ಆಲಿನ ಡೈರೀಲಿ. ಅಲ್ಲಿ ರತ್ನಕ್ಕ ಅಂತವ್ರೆ. ಮಧ್ಯಾನ ಡೈರಿ ಮುಚ್ಚಿರ್ತದೆ. ನಮ್ಗೋಸ್ಕರ ಬಾಗ್ಲು ತಗ್ದು ಕಂಪ್ಯೂಟರ್ ಕೊಡ್ತಾರೆ. ಆಡು ತರ ಕೂಗಿರೋದೂ ಅವ್ರೇ!"

ಅದು ಅನುವಾದವಾಗುತ್ತಿದ್ದಂತೆ ಸುತ್ತಲಿದ್ದವರೆಲ್ಲ ನಕ್ಕರು. ನಾಯಕರು ನನ್ನ ತಲೆ ನೇವರಿಸಿದರು, ಕೈ ಕುಲುಕಿದರು. ಆಮೇಲೆ ವೇದಿಕೆಯ ಮೇಲೆ ಮಾತಾಡುವಾಗ, ಕರ್ನಾಟಕದ ಹಳ್ಳಿಯ ಹುಡುಗಿಯೊಬ್ಬಳು ಹಾಲಿನ ಡೈರಿಯಲ್ಲಿ ಕೋಡಿಂಗ್ ಕಲಿತ ಕಥೆಯನ್ನು ಹೇಳಿದರು. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ನನಗೆ ನೆಲ ಕಾಲಿಗೆ ತಾಕುತ್ತಿರಲಿಲ್ಲ. ರತ್ನಕ್ಕನ ಹೆಸರನ್ನು ದೆಹಲಿಗೆ ಮುಟ್ಟಿಸಿದೆನಲ್ಲ ಅನ್ನುವುದೇ ನನ್ನ ದೊಡ್ಡ ಸಂತೋಷವಾಗಿತ್ತು.

ನಾವು ಊರು ಸೇರುವ ಮೊದಲೇ ಪೇಪರು ಸೇರಿತ್ತು. ನಾಯಕರ ಪಕ್ಕದಲ್ಲಿ ಉದ್ದತೋಳಿನ ಸ್ವೆಟರ್ ಹಾಕಿಕೊಂಡು ಹಲ್ಲು ಬಿಟ್ಟುಕೊಂಡು ನಿಂತ ನಾನು, ಅರ್ಧ ಮಾತ್ರ ಕಾಣುವ ಪವಿತ್ರ, ಕೆಳಗೆ ಡೈರಿಯ ಸುದ್ದಿ. ಊರಿನವರು ಟ್ರ್ಯಾಕ್ಟರಿನಲ್ಲಿ ಕೂರಿಸಿ ಮೆರೆಸಿದರು. ರತ್ನಕ್ಕ ಪೇಪರಿನ ಆ ತುಂಡನ್ನು ಕತ್ತರಿಸಿ, ಅನ್ನದ ಅಗುಳು ಹಚ್ಚಿ, ಹಾಲು ಅಳೆಯುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಳು. ಹಾಲು ಹಾಕಲು ಬಂದವರಿಗೆಲ್ಲ, "ನೋಡ್ರಮ್ಮ, ನನ್ ಎಸ್ರೂ ಅದೆ," ಎಂದು ತೋರಿಸುತ್ತಿದ್ದಳು.

ಸಂಕ್ರಾಂತಿ ಕಳೆಯಿತು. ಒಂದು ಬೆಳಿಗ್ಗೆ ಡೈರಿಯ ಮುಂದೆ ಜೀಪು ನಿಂತಿತ್ತು. ಅವ್ವನ ಜೊತೆ ಕ್ಯಾನು ಹಿಡಿದು ನಾನೂ ಹೋಗಿದ್ದೆ. ಹಾಲು ಒಕ್ಕೂಟದ ಒಬ್ಬ ಅಧಿಕಾರಿ ಗೋಡೆಯ ಮೇಲಿನ ಪೇಪರನ್ನು ಓದುತ್ತ ನಿಂತಿದ್ದ. ಓದಿ ಮುಗಿಸಿ, "ಯಾರ ಪರ್ಮಿಷನ್ ತಗೊಂಡು ಸಂಘದ ಕಂಪ್ಯೂಟರ್ ಹೊರಗಿನವರಿಗೆ ಕೊಟ್ರಿ?" ಅಂದ.

"ಒರಗ್ನೋರಲ್ಲ ಸಾ, ನಮ್ಮೂರ್ ಐಕ್ಳು," ಅಂದಳು ರತ್ನಕ್ಕ.

"ನಿಮ್ಮೂರ್ ಮಕ್ಕಳೋ ಯಾರೋ, ರೂಲ್ಸ್ ರೂಲ್ಸೇ ಅಲ್ವೇನಮ್ಮ?"

ಆ ಮನುಷ್ಯ ತಾನಾಗಿ ಬಂದಿರಲಿಲ್ಲ. ಸಂಘಕ್ಕೆ ಅಧ್ಯಕ್ಷೆ ಹೆಂಗಸೇ ಆದರೂ ಯಜಮಾನಿಕೆಯೆಲ್ಲ ಅವಳ ಗಂಡನದು. ಅವನ ಸೊಸೆ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ರತ್ನಕ್ಕನ ಕುರ್ಚಿಯ ಮೇಲೆ ಆ ಮನೆಯವರ ಕಣ್ಣು ಮೊದಲಿಂದ ಇದ್ದದ್ದು ದೊಡ್ಡವರಿಗೆಲ್ಲ ಗೊತ್ತಿತ್ತು. ಅವಳ ಲೆಕ್ಕದಲ್ಲಿ ಹುಡುಕಿದರೂ ತಪ್ಪು ಸಿಕ್ಕಿರಲಿಲ್ಲ. ಈಗ ನಾನೇ ದೇಶಕ್ಕೆಲ್ಲ ಕೇಳುವಂತೆ ಒಂದನ್ನು ಹೇಳಿ ಬಂದಿದ್ದೆ.

ಡೈರಿಯ ಜಗಲಿಯ ಮೇಲೆ ಸಭೆ ಸೇರಿತು. ನಾನೂ ಪವಿತ್ರಳೂ ಪಕ್ಕದ ಮನೆಯ ಹಿತ್ತಿಲಿನ ಗೋಡೆಗೆ ಆತು ಕೇಳಿಸಿಕೊಂಡೆವು. ಅಧ್ಯಕ್ಷೆಯ ಗಂಡ, "ಆಲಿನ ಲೆಕ್ಕ ಇರೋ ಪೆಟ್ಟಿಗೇಗೆ ಐಕ್ಳ ಕೈ ಆಕ್ಸುದ್ರೆ ನಾಳೆ ನಿಮ್ ಲೆಕ್ಕನ ನೀವು ನಂಬದೆಂಗೆ?" ಅಂದ. ಲೋಕೇಶ್ ಸಾರ್ ಎದ್ದು, "ಮಕ್ಕಳನ್ನ ಕರ್ಕೊಂಡು ಹೋದವನು ನಾನು, ಕೇಳೋದಿದ್ರೆ ನನ್ನ ಕೇಳಿ," ಅಂದರು. "ನೀವು ಸಂಘದ ಸದಸ್ಯರಲ್ಲ, ಕೂತ್ಕಳಿ ಮೇಷ್ಟ್ರೇ," ಎಂದು ಕೂರಿಸಿದರು. ಆಮೇಲೆ ಕೈ ಎತ್ತಿ ಅನ್ನುವುದು ಕೇಳಿಸಿತು, ಬಳೆಗಳ ಸದ್ದು ಕೇಳಿಸಿತು.

ಅವ್ವ ಮನೆಗೆ ಬಂದವಳೇ ಒಲೆಯ ಮುಂದೆ ಕೂತಳು.

"ರತ್ನಕ್ಕನ್ನ ತಗ್ದಾಕ್ಬುಟ್ರಾ ಅವ್ವ?"

"ನಾ ಒಬ್ಳು ಏನ್ ಮಾಡಕಾದದು ಕೂಸೇ. ಎಲ್ರೂ ಕೈ ಎತ್ತುದ್ರು."

"ನೀನೂ ಎತ್ತುದ್ಯಾ?"

ಅವ್ವ ಆರದೇ ಇದ್ದ ಒಲೆಯನ್ನು ಊದುತ್ತಲೇ ಇದ್ದಳು. ಅವ್ವನ ಮೇಲೆ ನನಗೆ ಕೋಪ ಬರಲಿಲ್ಲ. ಕೋಪ ಮಾಡಿಕೊಳ್ಳುವ ಹಕ್ಕು ನನಗೆಲ್ಲಿದೆ ಅನ್ನಿಸಿತು. ಅವ್ವ ಎತ್ತಿದ್ದು ಕೈ, ನಾನು ಎತ್ತಿದ್ದು ದನಿ. ಪವಿತ್ರಳ ಹಾಗೆ ನೆಲ ನೋಡುತ್ತ ನಿಂತಿದ್ದರೆ ಏನಾಗುತ್ತಿತ್ತು? 'ಹೌದು ಮೇಡಂ, ಶಾಲೆಯಲ್ಲೇ' ಅಂದಿದ್ದರೆ? ಒಂದು ಮಾತಿನ ವ್ಯತ್ಯಾಸ.

ಮಾರನೆಯ ದಿನ ಶಾಲೆಗೆ ಚಕ್ಕರ್ ಹೊಡೆದು ರತ್ನಕ್ಕನ ಮನೆಗೆ ಹೋದೆ. ಹೊಸಿಲ ಹತ್ತಿರ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಮನೆಯಲ್ಲಿ ನಾನು ಕಂಡದ್ದೇ ಇಲ್ಲ. ಅಲ್ಲೇ ನಿಂತು ಅಳತೊಡಗಿದೆ.

"ಯಾಕವ್ವ ಅಳೀಯೆ? ನೀನೇನು ಸುಳ್ಳು ಏಳಿದ್ಯಾ?" ಅಂದಳು. ಮತ್ತೊಂದು ಹಿಡಿ ಕಾಯಿ ಮೊರಕ್ಕೆ ಸುರಿದುಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು. "ಒಂದೊಂದ್ ಗಳ್ಗೆ ಅನ್ನುಸ್ತದೆ, ಈ ಕೂಸು ಸ್ಕೂಲಲ್ಲಿ ಕಲ್ತೆ ಅಂದುಬುಟ್ಟಿದ್ರೆ ಆಗೋದಲ್ಲ ಅಂತ. ಆಮೇಕೆ ಛೆ, ತಪ್ನ ಮಗೀನ್ ಮೇಲೆ ಎಂಗ್ ಆಕಾದು ಅನ್ಕತೀನಿ." ಸಿಪ್ಪೆಯನ್ನು ಒಂದು ಕಡೆ ಸರಿಸಿ, "ಸ್ವಲ್ಪ ದಿನ ನಮ್ಮನೆ ತಾವ ಬರ್ಬ್ಯಾಡ ಕೂಸೇ. ನಿನ್ ಮಕ ನೋಡುದ್ರೆ ನಂಗೆ ಡೈರಿ ಗ್ಯಾನ ಬತ್ತದೆ," ಅಂದಳು.

ಬೈದಿದ್ದರೆ, ಎರಡೇಟು ಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ಹೇಳಿದ ಆ ಸ್ವಲ್ಪ ದಿನ ಮುಗಿಯುವ ಮೊದಲೇ ಅವಳು ಮಗನನ್ನು ಕರೆದುಕೊಂಡು ನಂಜನಗೂಡಿಗೆ ಹೊರಟುಹೋದಳು. ಗಾರ್ಮೆಂಟ್ಸಿಗೆ ಸೇರಿದ್ದಾಳೆ ಎಂದು ಯಾರೋ ಹೇಳಿದರು. ಸ್ವೆಟರ್ ವಾಪಸು ಕೊಡಲೂ ಆಗಲಿಲ್ಲ.

ಶಾಲೆಯಲ್ಲಿ ಕಲಿಯಲಿಲ್ಲ ಅಂದ ನನ್ನ ಮಾತನ್ನು ದೆಹಲಿಯ ಆ ನಾಯಕರು ಮರೆತಿರಲಿಲ್ಲ. ಬೇಸಿಗೆಯ ಹೊತ್ತಿಗೆ ನಮ್ಮ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು. ಆದರೆ ಡೈರಿಯ ಪ್ರಕರಣ ಎಲ್ಲರ ಎದೆಯಲ್ಲಿ ಅಳುಕು ಹುಟ್ಟಿಸಿತ್ತು. ಮಕ್ಕಳ ಕೈಗೆ ಕೊಟ್ಟು ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಶಾಲೆಯವರು ಅವಕ್ಕೆ ಪ್ಲಾಸ್ಟಿಕ್ ಹೊದಿಸಿಟ್ಟರು. ಲೋಕೇಶ್ ಸಾರ್ ಜಗಳವಾಡಿ ಕೆಲವು ದಿನ ತೆಗೆಸಿದರು. ಅವರಿಗೂ ವರ್ಗವಾದ ಮೇಲೆ ಹೊದಿಕೆ ಮತ್ತೆ ಬಿತ್ತು. ನಾನು ವಿಜ್ಞಾನ ಓದಿ, ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ನಾಯಕರ ಜೊತೆಗಿನ ಆ ಫೋಟೊಗೆ ಶಾಲೆಯವರು ಕಟ್ಟು ಹಾಕಿಸಿದ್ದರು, ಇವತ್ತಿಗೂ ಅದು ಶಾಲೆಯ ಗೋಡೆಯ ಮೇಲಿದೆ. ಊರಿಗೆ ಹೋದರೆ ಆ ದಾರಿ ಬಿಟ್ಟು ನಡೆಯುತ್ತೇನೆ.

ಹೋದ ತಿಂಗಳು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ನನ್ನ ಭುಜ ಹಿಡಿದು ತಿರುಗಿಸಿದರು. ರತ್ನಕ್ಕ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು, ಕುತ್ತಿಗೆಯಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ. ಪಕ್ಕದಲ್ಲಿದ್ದ ಗೆಳತಿಯನ್ನು ತಿವಿದು, "ಇವ್ಳೇ ಕಣೇ, ನಾ ಏಳ್ತಿದ್ನಲ್ಲ, ಡೆಲ್ಲೀಲಿ ಅಷ್ಟು ದೊಡ್ಡೋರ್ ಕೈ ಕುಲುಕಿದ್ ನಮ್ಮ ಕೂಸು!" ಅಂದಳು. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ಮೆಚ್ಚಿ ನೋಡಿದಳು. ಇಷ್ಟು ವರ್ಷ ಈ ಕಥೆಯನ್ನು ಅವಳು ಹೀಗೆ ಹೇಳಿಕೊಂಡು ಬಂದಿದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳ ಕಥೆಯಲ್ಲಿ ಜೀಪು ಇರಲಿಲ್ಲ, ಜಗಲಿಯ ಸಭೆಯೂ ಇರಲಿಲ್ಲ. ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ಆ ನೂಕುನುಗ್ಗಲಿನಲ್ಲಿ, ಕಂಡಕ್ಟರನ ಕೂಗಿನ ನಡುವೆ, ಮಾತು ಹೊರಡಲಿಲ್ಲ. ಮಗ ಡಿಪ್ಲೊಮಾ ಓದುತ್ತಿದ್ದಾನೆ ಅಂದಳು, ಅವ್ವನನ್ನು ವಿಚಾರಿಸಿದಳು.

ಇಳಿಯುವ ಜಾಗ ಹತ್ತಿರವಾದಾಗ ಕಂಬಿ ಹಿಡಿದು ಎದ್ದು ನಿಂತು ಕೇಳಿದಳು. "ಅಲ್ಲ ಕಣವ್ವ, ನೀವಿಬ್ರು ಆದ್ಮೇಲೆ ನಮ್ಮೂರಿಂದ ಯಾರಾರೂ ಐಕ್ಳು ಆ ಕಾಂಪಿಟೇಷನ್ಗೆ ಓಗಿದ್ರಾ?"

"ಇಲ್ಲಕ್ಕ. ಯಾರೂ ಓಗ್ನಿಲ್ಲ."

"ಒಬ್ರೂ ಇಲ್ವಾ?"

"ಇಲ್ಲ."

ಅವಳ ಮುಖದ ನಗು ಇಳಿದುಹೋಯಿತು. "ಅಯ್ಯೋ, ಅದೊಂದು ಅನ್ಯಾಯ ಆಗೋಯ್ತಲ್ಲವ್ವ," ಎಂದು ಬಸ್ಸಿಳಿದಳು. ಕೆಲಸ ಹೋದಾಗ ಕೂಡ ಅನ್ಯಾಯ ಅನ್ನುವ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ.